ಕೃಷಿ ಪ್ರಶ್ನೋತ್ತರ: ರಂಗೋಲಿ ಹುಳು ಮತ್ತು ಅದರ ಬೆನ್ನು ಹತ್ತುವ ಕಣಜಗಳು

ಪ್ರಶ್ನೆ: ಟೊಮೆಟೊ ನಾಟಿ ಮಾಡಿ ಒಂದು ತಿಂಗಳಾಗಿದೆ. ಕೆಳಗಿನ ಎಲೆಗಳಲ್ಲಿ ರಂಗೋಲಿ ಹುಳುವಿನ ಬಿಳಿ ಗೆರೆಗಳು ಕಾಣಿಸಿಕೊಂಡಾಗಿನಿಂದ ಅಂಗಡಿಯವರು ಕೊಟ್ಟ ಔಷಧಿಯನ್ನು ವಾರಕ್ಕೊಮ್ಮೆ ಹೊಡೆಯುತ್ತಿದ್ದೇನೆ. ಗೆರೆಗಳು ಕಡಿಮೆಯಾಗುವ ಬದಲು ಮೇಲಿನ ಎಲೆಗಳಿಗೂ ಏರಿವೆ. ಏನೂ ಹೊಡೆಯದ ಪಕ್ಕದ ಹೊಲದಲ್ಲಿ ಹಾವಳಿ ಇಷ್ಟಿಲ್ಲ. ಈ ಹುಳುವನ್ನು ಕೊಲ್ಲುವ ಒಂದು ಕಣಜವಿದೆಯೆಂದು ಕೇಳಿದ್ದೇನೆ. ಅದು ಎಲ್ಲಿ ಸಿಗುತ್ತದೆ?
– ಮುಳಬಾಗಿಲು ತಾಲ್ಲೂಕಿನ ಬೆಳೆಗಾರರು

ಉತ್ತರ: ತಾವು ಕೇಳಿದ ಕಣಜ ತಮ್ಮ ಪಕ್ಕದ ಹೊಲದಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ತಮ್ಮ ಹೊಲದಲ್ಲಿಯೂ ಅದು ಇದ್ದಿರಬೇಕು, ಔಷಧಿ ಹುಳುವಿಗಿಂತ ಮೊದಲು ಅದನ್ನು ಕೊಂದಿರಬೇಕು.

ರಂಗೋಲಿ ಹುಳು ಎಂದು ನಾವು ಕರೆಯುವುದು ಸುಮಾರು 2 ಮಿಲಿಮೀಟರ್ ಉದ್ದದ, ಹಳದಿ ತಲೆಯ ಒಂದು ನೊಣದ ಮರಿ. ಲಿರಿಯೋಮೈಜಾ ಟ್ರೈಫೋಲಿ ಎಂಬ ಈ ನೊಣ ಅಮೆರಿಕ ಖಂಡದ್ದು. 1990ರ ದಶಕದ ಆರಂಭದಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡು, ಟೊಮೆಟೊ, ಹುರುಳಿಕಾಯಿ, ಸೌತೆ, ಹರಳು, ಸೇವಂತಿಗೆ ಎಂಬ ಭೇದವಿಲ್ಲದೆ ಹರಡಿತು. ಹೆಣ್ಣು ನೊಣ ಎಲೆಯನ್ನು ಚುಚ್ಚಿ ಮೊಟ್ಟೆಯನ್ನು ಸಿಪ್ಪೆಯ ಕೆಳಗೆ ಸೇರಿಸುತ್ತದೆ. ಮರಿ ಎಲೆಯ ಎರಡು ಪದರಗಳ ನಡುವಿನ ಹಸಿರನ್ನು ತಿನ್ನುತ್ತಾ ಅಂಕುಡೊಂಕಾಗಿ ಸಾಗಿ, ಸುಮಾರು ಒಂದು ವಾರದಲ್ಲಿ ಬಲಿತು, ಎಲೆಯನ್ನು ಸೀಳಿಕೊಂಡು ಹೊರಬಂದು ಸಾಮಾನ್ಯವಾಗಿ ಮಣ್ಣಿಗೆ ಬಿದ್ದು ಕೋಶವಾಗುತ್ತದೆ. ಅಂದರೆ ಮೊಟ್ಟೆ ಮತ್ತು ಮರಿ ಎಲೆಯೊಳಗೆ, ಕೋಶ ಮಣ್ಣಿನಲ್ಲಿ. ಎಲೆಯ ಮೇಲೆ ಮಾತ್ರ ನಿಲ್ಲುವ ಔಷಧಿಗೆ ಈ ಮೂರೂ ಹಂತಗಳು ಸಿಗುವುದಿಲ್ಲ. ಸಿಗುವುದು ಹಾರಾಡುವ ನೊಣ. ಅದೂ ಔಷಧಿಗಳನ್ನು ಬಹು ಬೇಗ ಜೀರ್ಣಿಸಿಕೊಳ್ಳುವ ಜಾತಿ.

ಆದರೆ ಎಲೆಯ ಮೇಲೆ ಇನ್ನೊಂದು ಜೀವಿ ದಿನವಿಡೀ ಓಡಾಡುತ್ತಿರುತ್ತದೆ. ಒಂದರಿಂದ ಎರಡು ಮಿಲಿಮೀಟರಿನ, ಲೋಹದ ಹೊಳಪಿನ ಈ ಕಣಜಗಳು ಮೀಸೆಗಳಿಂದ ಎಲೆಯನ್ನು ತಡವುತ್ತಾ ಸುರಂಗದ ಜಾಡು ಹಿಡಿದು, ಮರಿ ಇರುವ ಜಾಗದಲ್ಲಿ ನಿಂತು, ಸಿಪ್ಪೆಯ ಮೂಲಕವೇ ಅದನ್ನು ಚುಚ್ಚುತ್ತವೆ. ಡಿಗ್ಲೈಫಸ್ ಎಂಬ ಕಣಜ ಮೊದಲು ಮರಿಗೆ ವಿಷ ಚುಚ್ಚಿ ಅಲ್ಲಾಡದಂತೆ ಮಾಡಿ, ಅದರ ಪಕ್ಕದಲ್ಲಿ ತನ್ನ ಮೊಟ್ಟೆಯಿಡುತ್ತದೆ; ಕಣಜದ ಮರಿ ಆ ಹುಳುವನ್ನು ಹೊರಗಿನಿಂದ ಹೀರಿ ಮುಗಿಸಿ, ಅದೇ ಸುರಂಗದಲ್ಲಿ ಕೋಶವಾಗುತ್ತದೆ. ಕೋಶದ ಮೇಲೆ ಎಲೆಯ ಸಿಪ್ಪೆ ಕುಸಿದು ಬೀಳದಂತೆ ಅದು ತನ್ನ ಹಿಕ್ಕೆಯಿಂದಲೇ ಸಣ್ಣ ಸಣ್ಣ ಕಂಬಗಳನ್ನು ನಿಲ್ಲಿಸಿಕೊಳ್ಳುವುದನ್ನು ಭೂತಗನ್ನಡಿಯಲ್ಲಿ ನೋಡಿದವರು ಮರೆಯಲಾರರು. ಇದೇ ಗುಂಪಿನ ಹೆಮಿಪ್ಟಾರ್ಸೆನಸ್ ಮತ್ತು ನಿಯೋಕ್ರೈಸೋಕ್ಯಾರಿಸ್ ಕುಲದ ಕಣಜಗಳೂ ಭಾರತದಲ್ಲಿ ಈ ನೊಣದ ಮೇಲೆ ದಾಖಲಾಗಿವೆ. ಹೊಸದಾಗಿ ಬಂದ ನೊಣಕ್ಕೆ ಇಲ್ಲಿಯ ಕಣಜ ಹೇಗೆ ಶತ್ರುವಾಯಿತು ಎಂದರೆ, ಬಟಾಣಿ, ಸಾಸಿವೆಗಳಲ್ಲಿ ಸುರಂಗ ಕೊರೆಯುವ ಬೇರೆ ನೊಣಗಳು ನಮ್ಮಲ್ಲಿ ಮೊದಲಿನಿಂದಲೂ ಇದ್ದವು. ಅವುಗಳ ಮೇಲೆ ಬದುಕುತ್ತಿದ್ದ ಕಣಜಗಳಿಗೆ ಎಲೆಯೊಳಗಿನ ಇಂಥ ಮರಿ ಹೊಸತೇನಾಗಿರಲಿಲ್ಲ.

ತಮ್ಮ ಅನುಭವ ಬೇರೆ ದೇಶಗಳಲ್ಲಿಯೂ ಆಗಿದೆ. ಕ್ಯಾಲಿಫೋರ್ನಿಯಾದ ಟೊಮೆಟೊ ಹೊಲಗಳಲ್ಲಿ ಮೆಥೋಮಿಲ್ ಎಂಬ ಕೀಟನಾಶಕ ಹೊಡೆದ ಕಡೆ ಕಣಜಗಳು ಸತ್ತು, ಈ ನೊಣದ ಹತ್ತಿರದ ಸಂಬಂಧಿಯಾದ ಇನ್ನೊಂದು ಲಿರಿಯೋಮೈಜಾ ಉಕ್ಕೇರಿದ್ದನ್ನು ತೋರಿಸಿದ ಅಧ್ಯಯನ 1976ರಲ್ಲಿಯೇ ಪ್ರಕಟವಾಗಿದೆ. ಹೀಗಿದ್ದೂ ಗೆರೆ ಕಂಡ ಕೂಡಲೇ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕವನ್ನು ಕೈಗೆ ಕೊಡುವ ಪದ್ಧತಿ ನಿಂತಿಲ್ಲ ಎಂಬುದು ಬೇಸರದ ಸಂಗತಿ.

ಆದ್ದರಿಂದ ಮೊದಲು ಸಿಂಪರಣೆ ನಿಲ್ಲಿಸಿ, ಎಲೆ ನೋಡಿರಿ. ಬಿಳಿ ಗೆರೆ ಹುಳು ಹೋದ ದಾರಿಯೇ ಹೊರತು ಹುಳುವಲ್ಲ. ಅದು ಎಲೆ ಉದುರುವವರೆಗೂ ಅಳಿಸುವುದಿಲ್ಲ. ಎಲೆಯನ್ನು ಬೆಳಕಿಗೆ ಹಿಡಿದಾಗ ಗೆರೆಯ ಅಗಲವಾದ ತುದಿಯಲ್ಲಿ ಹಳದಿ ಮರಿ ಮಿಸುಕಾಡುತ್ತಿದ್ದರೆ ಅದು ಜೀವಂತ. ತುದಿ ಖಾಲಿಯಾಗಿ ಸೀಳಿದ್ದರೆ ಮರಿ ಈಗಾಗಲೇ ಹೊರಗೆ ಹೋಗಿದೆ. ಮರಿ ಕಂದು ಬಣ್ಣಕ್ಕೆ ತಿರುಗಿ ಮುದುಡಿದ್ದರೆ, ಅಥವಾ ಅದರ ಬಳಿ ಕಪ್ಪು ಕೋಶವೊಂದು ಕಂಡರೆ ಕಣಜ ಕೆಲಸ ಮಾಡಿದೆ. ಸಂಶಯವಿದ್ದಲ್ಲಿ ಮರಿಯಿರುವ ಎಲೆಗಳನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಬಾಯಿಗೆ ತೆಳುವಾದ ಬಟ್ಟೆ ಬಿಗಿದು, ನೆರಳಿನಲ್ಲಿ ಎರಡು ಮೂರು ವಾರ ಇಡಿ. ಹೊರಬರುವವು ಹಳದಿ ತಲೆಯ ನೊಣಗಳೋ ಹೊಳೆಯುವ ಕಣಜಗಳೋ ಎಂಬುದರಿಂದ ಹೊಲದ ಸ್ಥಿತಿ ತಿಳಿಯುತ್ತದೆ.

ಬಲಿತ ಟೊಮೆಟೊ ಗಿಡ ಕೆಳಗಿನ ಎಲೆಗಳ ಗೆರೆಗಳನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಎಳೆಯ ಸಸಿಗಳ ವಿಷಯ ಹಾಗಲ್ಲ. ಅಲ್ಲಿ ಕಣಜ ಬರಲೆಂದು ಕಾಯುತ್ತಾ ಕೂರುವುದು ಸರಿಯಲ್ಲ. ಏನಾದರೂ ಸಿಂಪಡಿಸಲೇಬೇಕೆಂದಾದಾಗ ಲೀಟರಿಗೆ 40 ಗ್ರಾಂ ಬೀಜದಂತೆ ತಯಾರಿಸಿದ ಶೇ 4ರ ಬೇವಿನ ಬೀಜದ ಕಷಾಯ ಉತ್ತಮ. ಅದು ಎಲೆಯೊಳಗಿನ ಮರಿಯ ಪೊರೆ ಕಳಚುವಿಕೆಯನ್ನು ಕೆಡಿಸುತ್ತದೆ. ಕಣಜಗಳಿಗೆ ಅದರಿಂದಾಗುವ ಹಾನಿ ಪೈರೆಥ್ರಾಯ್ಡ್‌ಗಳಿಗೆ ಹೋಲಿಸಿದರೆ ಕಡಿಮೆ. ಹಳದಿ ಅಂಟು ಹಾಳೆ ನೊಣ ಬಂದಿದೆಯೇ ಎಂದು ತಿಳಿಯಲು ಉಪಯುಕ್ತವಾದರೂ ಹೊಲದ ತುಂಬ ಕಟ್ಟಬೇಡಿ, ಕಣಜಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಕೊಳ್ಳುವ ಪ್ರಶ್ನೆಗೆ ಹೇಳುವುದಾದರೆ, ಯುರೋಪಿನ ಗಾಜಿನ ಮನೆಗಳಿಗಾಗಿ ಡಿಗ್ಲೈಫಸ್ ಕಣಜವನ್ನು ಸಾಕಿ ಮಾರುತ್ತಾರೆ. ಬಯಲಿನ ಹೊಲಕ್ಕೆ, ಅದರಲ್ಲೂ ಇನ್ನೂ ವಿಷ ಮಾಸದ ಹೊಲಕ್ಕೆ, ತಂದು ಬಿಡುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ಇಂಥ ಕಣಜಗಳು ಹೆಚ್ಚಾದರೆ ಕಳೆ ಕೀಳುವ ಹೆಣ್ಣಾಳುಗಳಿಗೆ ಕಚ್ಚುವುದಿಲ್ಲವೇ? ಹುಳು ಮುಗಿದ ಮೇಲೆ ಬೆಳೆಯನ್ನೇ ತಿನ್ನತೊಡಗಿದರೆ ಏನು ಮಾಡುವುದು?
– ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಕಚ್ಚುವುದಿಲ್ಲ. ಗೂಡು ಕಟ್ಟಿ ಗುಂಪಾಗಿ ಬದುಕುವ ದೊಡ್ಡ ಕಣಜಗಳಿಗೂ ಇವಕ್ಕೂ ನಡವಳಿಕೆಯಲ್ಲಿ ಹೋಲಿಕೆಯಿಲ್ಲ, ಮೈಮೇಲೆ ಕೂತರೂ ತಿಳಿಯದಷ್ಟು ಸಣ್ಣವು. ಇವುಗಳ ಮರಿಗಳು ಬೆಳೆಯುವುದು ಇತರ ಕೀಟಗಳ ಮೇಲೆಯೇ ಹೊರತು ಎಲೆಯ ಮೇಲಲ್ಲ. ಹುಳು ಕಡಿಮೆಯಾದಂತೆ ಕಣಜವೂ ಕಡಿಮೆಯಾಗುತ್ತದೆ. ನಿಜವಾದ ತೊಡಕು ಅದೇ: ಹುಳುವಿನ ಮುಂದಿನ ಏರಿಕೆಯ ಹೊತ್ತಿಗೆ ಕಣಜಗಳ ಸಂಖ್ಯೆ ಕೂಡಿಕೊಳ್ಳಲು ಸ್ವಲ್ಪ ಸಮಯ ಬೇಕಾಗುತ್ತದೆ.

ಪ್ರಶ್ನೆ: ಕಣಜದಿಂದಲೇ ಎಲೆ ಕೊರೆಯುವ ಕೀಟವೊಂದು ಪೂರ್ತಿ ಹತೋಟಿಗೆ ಬಂದ ನಿದರ್ಶನವಿದೆಯೇ?
– ಕೃಷಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದೆ. ಫಿಜಿ ದ್ವೀಪಗಳಲ್ಲಿ ತೆಂಗಿನ ಗರಿಯೊಳಗೆ ಕೊರೆಯುವ ಪ್ರೊಮೆಕೋತೆಕಾ ಎಂಬ ದುಂಬಿ ಮೊದಲು ದೊಡ್ಡ ಪಿಡುಗಾಗಿರಲಿಲ್ಲ. ಹೊರಗಿನಿಂದ ಬಂದ ಒಂದು ಬಗೆಯ ನುಸಿ ದುಂಬಿಯ ಕೆಲವು ಹಂತಗಳನ್ನು ಮಾತ್ರ ಕೊಂದಿತು. ಪರಿಣಾಮವಾಗಿ ಉಳಿದ ದುಂಬಿಗಳೆಲ್ಲ ಒಂದೇ ಹಂತದಲ್ಲಿ ಒಟ್ಟಾಗಿ ಬೆಳೆಯತೊಡಗಿದವು. ಅಲ್ಲಿಯ ಸ್ಥಳೀಯ ಕಣಜಗಳು ಅಲ್ಪಾಯುಷಿಗಳು. ತಮಗೆ ಬೇಕಾದ ವಯಸ್ಸಿನ ಮರಿ ಸಿಗುವ ಮೊದಲೇ ಸತ್ತುಹೋದವು. ಕೀಟಶಾಸ್ತ್ರಜ್ಞ ಟಿ. ಎಚ್. ಸಿ. ಟೇಲರ್ ಈ ಕಾರಣವನ್ನು ಗುರುತಿಸಿ, ಅಂಥ ಬಿಡುವನ್ನು ದಾಟಿ ಬದುಕಬಲ್ಲ ಕಣಜವನ್ನು ಹುಡುಕಿ, 1933ರಲ್ಲಿ ಜಾವಾದಿಂದ ಪೀಡಿಯೋಬಿಯಸ್ ಪಾರ್ವುಲಸ್ ಎಂಬುದನ್ನು ತರಿಸಿದರು. ಸ್ವಲ್ಪ ಕಾಲದಲ್ಲಿಯೇ ದುಂಬಿ ಹತೋಟಿಗೆ ಬಂತು. ಇದೇ ಕುಲದ ಇನ್ನೊಂದು ದುಂಬಿ 1970ರ ದಶಕದ ಆರಂಭದಲ್ಲಿ ಶ್ರೀಲಂಕಾದ ತೆಂಗಿಗೆ ಬಿದ್ದಾಗಲೂ ಸಿಂಗಪುರದಿಂದ ತಂದ ಕಣಜವೊಂದು ಅದನ್ನು ಅಡಗಿಸಿತು. ಹೊರಗಿನ ಕಣಜ ತಂದರೆ ಸಾಕು ಎಂದು ಇದರಿಂದ ತಿಳಿಯಬೇಡಿ. ಸ್ಥಳೀಯ ಕಣಜ ಎಲ್ಲಿ ಸೋತಿತು ಎಂದು ಟೇಲರ್ ಮೊದಲು ಕೇಳಿದರು, ತರಿಸಿದ್ದು ಆಮೇಲೆ.

ಪ್ರಶ್ನೆ: ಟ್ರೈಕೋಗ್ರಾಮ ಕಣಜವಿರುವ ಮೊಟ್ಟೆಗಳನ್ನು ಅಂಟಿಸಿದ ಕಾರ್ಡುಗಳನ್ನು ಟೊಮೆಟೊ ತೋಟದಲ್ಲಿ ಕಟ್ಟಿದೆ. ರಂಗೋಲಿ ಗೆರೆಗಳು ಸ್ವಲ್ಪವೂ ಕಡಿಮೆಯಾಗಲಿಲ್ಲ. ಕಾರ್ಡು ಕಳಪೆಯೇ?
– ಹಾವೇರಿ ಜಿಲ್ಲೆಯ ರೈತರು

ಉತ್ತರ: ಕಾರ್ಡು ಒಳ್ಳೆಯದಿದ್ದರೂ ಕಡಿಮೆಯಾಗುತ್ತಿರಲಿಲ್ಲ. ಟ್ರೈಕೋಗ್ರಾಮ ಮೊಟ್ಟೆಯ ಮೇಲೆ ದಾಳಿ ಮಾಡುವ ಕಣಜ, ಅದೂ ಮುಖ್ಯವಾಗಿ ಪತಂಗಗಳು ಹೊರಗೆ ಕಾಣುವಂತೆ ಇಟ್ಟ ಮೊಟ್ಟೆಗಳ ಮೇಲೆ. ರಂಗೋಲಿ ನೊಣದ ಮೊಟ್ಟೆ ಎಲೆಯೊಳಗೆ ಹುದುಗಿರುವುದರಿಂದ ಅದಕ್ಕೆ ಎಟುಕುವುದಿಲ್ಲ.

ತಮ್ಮ ತೋಟದಲ್ಲಿರುವುದು ಟೂಟಾ ಆಗಿದ್ದರೆ ಮಾತು ಬೇರೆ. ದಕ್ಷಿಣ ಅಮೆರಿಕದ ಈ ಪತಂಗ 2006ರಲ್ಲಿ ಸ್ಪೇನಿನಲ್ಲಿಯೂ 2014ರಲ್ಲಿ ಭಾರತದಲ್ಲಿಯೂ ಕಾಣಿಸಿಕೊಂಡಿತು. ಇದರ ಮರಿಯೂ ಎಲೆಯೊಳಗೆ ಕೊರೆಯುತ್ತದೆ, ಆದರೆ ತೆಳುವಾದ ಗೆರೆಯಲ್ಲ, ಕಾಗದದಂತೆ ಒಣಗುವ ಅಗಲವಾದ ಮಚ್ಚೆ. ಜೊತೆಗೆ ಕಾಯಿಗೂ ತೂತು ಬೀಳುತ್ತದೆ. ರಂಗೋಲಿ ಹುಳು ಕಾಯಿಯ ತಂಟೆಗೆ ಹೋಗುವುದಿಲ್ಲ. ಟೂಟಾ ಪತಂಗ ಮೊಟ್ಟೆಯನ್ನು ಹೊರಗೇ ಇಡುವುದರಿಂದ ಟ್ರೈಕೋಗ್ರಾಮ ಅಚಿಯೇ ಎಂಬ ಜಾತಿಯನ್ನು ಸ್ಪೇನಿನ ಹಸಿರುಮನೆಗಳಲ್ಲಿ ಅದರ ವಿರುದ್ಧ ಬಿಡುತ್ತಾ ಬಂದಿದ್ದಾರೆ. ಎಲ್ಲ ಕಾರ್ಡುಗಳಲ್ಲಿಯೂ ಒಂದೇ ಜಾತಿ ಇರುವುದಿಲ್ಲವಾದ್ದರಿಂದ, ಟೊಮೆಟೊಗೆ ಯಾವುದು ಸರಿಯೆಂದು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರದವರನ್ನೋ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ವಿಚಾರಿಸಿ ಕೊಳ್ಳಿ. ಕೊಳ್ಳುವಾಗ ಕಾರ್ಡನ್ನು ಭೂತಗನ್ನಡಿಯಲ್ಲಿ ನೋಡಿ: ಕಣಜವಿರುವ ಮೊಟ್ಟೆಗಳು ಕಪ್ಪಾಗಿರುತ್ತವೆ, ಕಣಜ ಹಾರಿಹೋದ ಮೊಟ್ಟೆಗಳಲ್ಲಿ ತೂತಿರುತ್ತದೆ. ತೂತು ಬಿದ್ದ ಕಾರ್ಡಿಗೆ ಹಣ ಕೊಡಬೇಡಿ.