ಕೇಳಿ ನೋಡಿ: ಯುವ ವಿಭಾಗದಿಂದ ಯುವ ಸಂಸ್ಥೆಗೆ

ಮಕ್ಕಳಲ್ಲಿ, ಯುವಕ ಯುವತಿಯರಲ್ಲಿ ನಾಯಕತ್ವ ಬೆಳೆಸುವ ಸಂಸ್ಥೆ ಕಟ್ಟುವುದು ಹೇಗೆ ಎಂದು ಮುಂಬಯಿ, ಪುಣೆ, ಗೋವಾದ ಓದುಗರು ಬರೆದು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ನಾವು ಒಂಬತ್ತು ಮಂದಿ, ಎಲ್ಲರೂ 24ರಿಂದ 30ರ ಒಳಗಿನವರು. ಸಂಘವೊಂದರ ಯುವ ವಿಭಾಗದಲ್ಲಿದ್ದೆವು. ಈಗ ಬೇರೆಯೇ ಸಂಸ್ಥೆ ಮಾಡಬೇಕೆಂದಿದ್ದೇವೆ. ಟ್ರಸ್ಟೋ, ಸೊಸೈಟಿಯೋ, ಸೆಕ್ಷನ್ 8 ಕಂಪನಿಯೋ?
– ಓದುಗರು, ಪುಣೆ

ಮೊದಲು ಒಂದು ತಂಡವನ್ನು ಆರು ತಿಂಗಳು ನಡೆಸಿ ನೋಡಿ, ಆಮೇಲೆ ನೋಂದಣಿ. ಒಂಬತ್ತು ಮಂದಿಯಲ್ಲಿ ಆರು ತಿಂಗಳ ನಂತರವೂ ಭಾನುವಾರ ಬೆಳಿಗ್ಗೆ ಎದ್ದು ಬರುವವರು ಎಷ್ಟೆಂದು ತಿಳಿಯದೆ ನೋಂದಣಿ ಮಾಡಿದರೆ ಬಾರದವರ ಸಹಿಗಾಗಿ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಅಲ್ಲಿಯವರೆಗೆ ಪರಿಚಯದ ಸಂಘದಿಂದ ಜಾಗಕ್ಕೆ ಒಂದು ಪತ್ರ, ಹಣಕ್ಕೆ ಅವರದೇ ರಸೀದಿ ಪುಸ್ತಕ ಸಾಕು. ಯಾರದೋ ಸ್ವಂತ ಖಾತೆಯ ಯುಪಿಐ ಕೋಡ್ ಇಟ್ಟು ದೇಣಿಗೆ ಎತ್ತುವುದು ಮಾತ್ರ ಬೇಡ. ಆ ಹಣ ಅವರ ಸ್ವಂತ ಆದಾಯದಂತೆ ಕಾಣುತ್ತದೆ.

ಆಮೇಲೆ ಯಾವುದು? ಟ್ರಸ್ಟ್ ಮಾಡುವುದು ಸುಲಭ, ಆದರೆ ಪತ್ರದಲ್ಲಿ ಬೇರೆ ಬರೆಯದಿದ್ದರೆ ಟ್ರಸ್ಟಿಗಳು ಬಹುಮಟ್ಟಿಗೆ ಆಜೀವ. ಇಪ್ಪತ್ತೈದರಲ್ಲಿ ಟ್ರಸ್ಟಿಯಾದವರು ಅರುವತ್ತರಲ್ಲೂ ಯುವ ಸಂಸ್ಥೆಯ ಅಧ್ಯಕ್ಷರಾಗಿರುವುದು ಚೆನ್ನಾಗಿ ಕಾಣುವುದಿಲ್ಲ. ಸೆಕ್ಷನ್ 8 ಕಂಪನಿ ಎಂದರೆ ಲಾಭ ಹಂಚಿಕೊಳ್ಳದ, ಸೇವೆಗಾಗಿ ಮಾಡುವ ಕಂಪನಿ. ಅದಕ್ಕೆ ಇಬ್ಬರು ನಿರ್ದೇಶಕರು ಸಾಕು, ದೊಡ್ಡ ಕಂಪನಿಗಳಿಗೆ ಅದರ ಮೇಲೆ ವಿಶ್ವಾಸವೂ ಹೆಚ್ಚು. ಆದರೆ ವರ್ಷವರ್ಷ ಸಲ್ಲಿಸಬೇಕಾದ ಲೆಕ್ಕಪತ್ರದ ಮತ್ತು ವಾರ್ಷಿಕ ವರದಿಯ ಫಾರ್ಮು ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂ. ದಂಡ. ಕೈಯಲ್ಲಿ ಐವತ್ತು ಸಾವಿರವಿಲ್ಲದ ಸಂಸ್ಥೆಗೆ ಇದು ಭಾರ.

ನಿಮಗೆ ನಮ್ಮ ಸಲಹೆ ಸೊಸೈಟಿ. 1860ರ ಸೊಸೈಟಿ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಮಂದಿ ಬೇಕು, ನಿಮ್ಮಲ್ಲಿ ಒಂಬತ್ತಿದ್ದಾರೆ. ಮಹಾರಾಷ್ಟ್ರದಲ್ಲಿ ಸೊಸೈಟಿಯಾದರೂ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿಯೂ ನೋಂದಾಯಿಸಬೇಕು. ಎರಡೂ ಕೆಲಸ ಚಾರಿಟಿ ಕಮಿಷನರ್ ಕಚೇರಿಯಲ್ಲೇ ಆಗುತ್ತದೆ. ನಿಯಮಾವಳಿಯನ್ನು ಬೇರೆ ಸಂಘದ್ದರಿಂದ ನಕಲು ಮಾಡದೆ ಕೆಲವು ಸಾಲು ನೀವೇ ಸೇರಿಸಿ: ಪದಾಧಿಕಾರಿಗಳ ಅವಧಿ ಮೂರು ವರ್ಷ, ಒಂದೇ ಹುದ್ದೆಯಲ್ಲಿ ಎರಡೇ ಅವಧಿ, ಕಾರ್ಯಕಾರಿ ಸಮಿತಿಯಲ್ಲಿ 25 ದಾಟದ ಇಬ್ಬರಾದರೂ ಇರಬೇಕು, ಒಂದೇ ಕುಟುಂಬದ ಇಬ್ಬರು ಇರಬಾರದು, ಹೊಸ ಸದಸ್ಯರಿಗೆ ಮತದ ಹಕ್ಕು ಆರು ತಿಂಗಳ ನಂತರ. ಕೊನೆಯದನ್ನು ಬಿಡಬೇಡಿ. ಮಹಾಸಭೆಗೆ ಹದಿನೈದು ದಿನವಿರುವಾಗ ಯಾರೋ ನಲವತ್ತು ಮಂದಿಯ ಸದಸ್ಯತ್ವ ಶುಲ್ಕ ತಾವೇ ಕಟ್ಟಿ ಸಂಸ್ಥೆಯನ್ನು ಕೈವಶ ಮಾಡಿಕೊಳ್ಳುವುದು ಸೊಸೈಟಿಗಳ ಹಳೇ ರೋಗ.

ಇನ್ನೊಂದು ರೋಗ ಚೇಂಜ್ ರಿಪೋರ್ಟ್ ಮರೆಯುವುದು. ಸಮಿತಿ ಬದಲಾದ 90 ದಿನಗಳೊಳಗೆ ಅದನ್ನು ಸಲ್ಲಿಸಬೇಕು. ಸಲ್ಲಿಸದಿದ್ದರೆ ಕಚೇರಿಯ ದಾಖಲೆಯಲ್ಲಿ ಹಳಬರೇ ಉಳಿಯುತ್ತಾರೆ. ಮುಂದೆ ಬ್ಯಾಂಕಿನಲ್ಲಿ ಸಹಿ ಬದಲಿಸಲು ಹೋದಾಗ, ಇಲ್ಲವೇ ಒಳಗೆ ಜಗಳ ಹುಟ್ಟಿದಾಗ ಅದು ಕಾಡುತ್ತದೆ.

ಮೊದಲ ಭಾನುವಾರ 63 ಮಕ್ಕಳು ಬಂದರು. ಆರನೆಯ ವಾರಕ್ಕೆ 14. ಒಳ್ಳೊಳ್ಳೆಯ ಭಾಷಣಕಾರರನ್ನೇ ಕರೆಸಿದ್ದೆವು, ತಿಂಡಿಯೂ ಇತ್ತು. ಎಲ್ಲಿ ತಪ್ಪಿತು?
– ಓದುಗರು, ಮುಲುಂಡ್

ಭಾಷಣಕಾರರನ್ನು ಕರೆಸಿದಲ್ಲೇ ತಪ್ಪಿತು. ಆತ್ಮವಿಶ್ವಾಸದ ಬಗ್ಗೆ ಒಂದು ಗಂಟೆ ಮಾತು ಕೇಳಿದ ಹುಡುಗನಿಗೆ ಬರುವ ವಾರ ಮತ್ತೆ ಬರಲು ಕಾರಣವೇನು? ಅವನು ಬಾರದಿದ್ದರೆ ನಿಲ್ಲುವ ಕೆಲಸ ಯಾವುದೂ ಇಲ್ಲವಲ್ಲ. ನಮ್ಮ ಸಂಘಗಳಲ್ಲಿ ಯುವ ವಿಭಾಗವೆಂದರೆ ಕುರ್ಚಿ ಜೋಡಿಸುವವರು, ಊಟ ಬಡಿಸುವವರು, ಅತಿಥಿಗಳ ಕಾರು ನಿಲ್ಲಿಸಲು ಜಾಗ ತೋರಿಸುವವರು. ಈ ಕೆಲಸಗಳಲ್ಲಿ ತಪ್ಪೇನಿಲ್ಲ. ಆದರೆ ಯಾರನ್ನು ಕರೆಯಬೇಕು, ಎಷ್ಟು ಖರ್ಚು ಮಾಡಬೇಕು ಎಂಬ ತೀರ್ಮಾನ ಹಿರಿಯರ ಬಳಿಯೇ ಉಳಿದರೆ ಅದು ನಾಯಕತ್ವದ ತರಬೇತಿ ಅಲ್ಲ.

63 ಬೇಡ, 20 ಸಾಕು. 15–18ರವರದು ಒಂದು ತಂಡ, 19–25ರವರದು ಇನ್ನೊಂದು. ಬೆರೆಸಿದರೆ ಕಿರಿಯರು ಬಾಯಿ ತೆರೆಯುವುದಿಲ್ಲ. ಒಂದು ತಂಡಕ್ಕೆ ಇಬ್ಬರು ಮಾರ್ಗದರ್ಶಿಗಳು. ಎರಡು ವಾರಕ್ಕೊಮ್ಮೆ ಎರಡೂವರೆ ಗಂಟೆ, ಒಟ್ಟು 12 ಕೂಟ. ಮೊದಲ ಮೂರು ಕೂಟಗಳಲ್ಲಿ ಸಭೆ ನಡೆಸುವುದು, ಟಿಪ್ಪಣಿ ಬರೆಯುವುದು, ಒಪ್ಪದವರ ಮಾತು ಕೇಳುವುದು, ಬಜೆಟ್ ಹಾಕುವುದು. ನಾಲ್ಕನೆಯದರಲ್ಲಿ ಐದೈದು ಮಂದಿಯ ನಾಲ್ಕು ಗುಂಪು ಮಾಡಿ ಪ್ರತಿ ಗುಂಪಿನ ಕೈಗೆ 3,000 ರೂ. ಕೊಡಿ. ತಮ್ಮ ಓಣಿಯ, ಕಾಲೇಜಿನ ಒಂದು ಸಮಸ್ಯೆಯನ್ನು ಅವರೇ ಆರಿಸಿಕೊಂಡು ನಾಲ್ಕು ತಿಂಗಳು ಅದರ ಹಿಂದೆ ಬೀಳಲಿ. ಪ್ರತಿ ಕೂಟಕ್ಕೂ ಅಧ್ಯಕ್ಷತೆ ಬದಲಾಗಲಿ. ಹತ್ತು ಸಾಲಿನ ನಡಾವಳಿ ಬರೆಯುವವರು, ಲೆಕ್ಕ ಇಡುವವರು ಕೂಡ ಬದಲಾಗಲಿ.

ಸಮಸ್ಯೆ ಚಿಕ್ಕದಿರಲಿ. ‘ಪರಿಸರ ಉಳಿಸುವುದು’ ಎಂದು ಬರೆದುಕೊಂಡ ಗುಂಪು ಕೊನೆಗೆ ಪೋಸ್ಟರ್ ಹಿಡಿದು ಫೋಟೊ ತೆಗೆಸಿಕೊಂಡು ಮುಗಿಸುತ್ತದೆ. ‘ನಮ್ಮ ಚಾಳಿನ ಹಿಂದಿನ ಮೂರು ಬೀದಿದೀಪ ಉರಿಯುವುದಿಲ್ಲ’ ಎಂದರೆ ಮುಂದಿನ ಹೆಜ್ಜೆ ತಾನಾಗಿ ಗೊತ್ತಾಗುತ್ತದೆ: ವಾರ್ಡ್ ಕಚೇರಿಗೆ ಅರ್ಜಿ, ಉತ್ತರ ಬಾರದಿದ್ದರೆ 10 ರೂ. ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ, ಅದಕ್ಕೆ 30 ದಿನ ಕಾಯುವುದು, ಆಮೇಲೆ ಮೇಲ್ಮನವಿ. ಹಿರಿಯ ತಂಡಕ್ಕೆ ಮತದಾರರ ನೋಂದಣಿ ಒಳ್ಳೆಯದು. ಈಗ 17 ತುಂಬಿದವರೂ ಫಾರ್ಮ್ 6 ಮುಂಚಿತವಾಗಿ ತುಂಬಬಹುದು, ಅರ್ಹತೆಯ ದಿನಾಂಕಗಳು ವರ್ಷಕ್ಕೆ ನಾಲ್ಕಿವೆ. ಒಂದು ಕಾಲೇಜಿನಲ್ಲಿ ಎಷ್ಟು ಫಾರ್ಮ್ ಹೋಯಿತು, ಎಷ್ಟು ತಿರಸ್ಕೃತವಾಯಿತು, ಯಾಕೆ ಎಂದು ಗುಂಪೇ ಲೆಕ್ಕ ಹಾಕಿಕೊಳ್ಳಲಿ. ಕೆಲಸ ಕೈಗೂಡದಿದ್ದರೂ ಪರವಾಗಿಲ್ಲ. ಯಾಕೆ ಕೈಗೂಡಲಿಲ್ಲ ಎಂದು ಎರಡು ಪುಟ ಬರೆದು ಹಿರಿಯರ ಮುಂದೆ ಓದಲಿ.

3,000 ರೂ. ಹಾಳಾದೀತು ಎಂಬ ಭಯ ಕೋಶಾಧಿಕಾರಿಗೆ ಇದ್ದೇ ಇರುತ್ತದೆ. ಚೀಟಿಯಿಲ್ಲದ ಖರ್ಚಿಗೆ ಎರಡನೆಯ ಕಂತು ಇಲ್ಲ ಎಂದು ಮೊದಲೇ ಹೇಳಿ, 1,500ರಂತೆ ಎರಡು ಸಲ ಕೊಡಿ. ಅಷ್ಟು ಸಾಕು.

ಇನ್ನು ದಿನಾಂಕ. ನಿಮ್ಮ ಊರಿನವರಿಗೆ ಭಾನುವಾರದ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ಲೋಕಲ್ ರೈಲು ನಿಲ್ಲಿಸುವುದು) ಬಗ್ಗೆ ಹೇಳಬೇಕೆ? ಬೆಳಿಗ್ಗೆ ಹತ್ತರ ಕೂಟಕ್ಕೆ ಲೋಕಲ್ಲಿನಲ್ಲಿ ಬರುವವರು ಹನ್ನೊಂದಕ್ಕೆ ಮುಟ್ಟಿ, ಹಿಂತಿರುಗುವಾಗ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿಬೀಳುತ್ತಾರೆ. ಶನಿವಾರ ಸಂಜೆ ಐದಕ್ಕೆ ಇಡಿ, ಇಲ್ಲವೇ ಮಕ್ಕಳು ನಡೆದು ಬರುವಷ್ಟು ಹತ್ತಿರದ ಜಾಗ ಹಿಡಿಯಿರಿ. ಫೆಬ್ರುವರಿ, ಮಾರ್ಚ್ ಹತ್ತನೆಯ, ಹನ್ನೆರಡನೆಯ ಪರೀಕ್ಷೆ. ಮೇ ತಿಂಗಳಲ್ಲಿ ಅರ್ಧ ಮನೆಗಳು ಊರಿಗೆ ಹೋಗಿರುತ್ತವೆ. ಜೂನ್ ಕೊನೆಗೆ ಶುರುಮಾಡಿ, ಗಣಪತಿಯ ಹತ್ತು ದಿನ ಬಿಟ್ಟು, ಡಿಸೆಂಬರಿಗೆ ಮುಗಿಸುವುದು ಅನುಕೂಲ. ಕಾಲೇಜಿನ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯನ್ನು ಮೊದಲೇ ಕಂಡು ಮಾತನಾಡಿ. ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆಯ ಸೇವೆ ಆಗಬೇಕು. ನಿಮ್ಮ ಗುಂಪಿನ ಕೆಲಸವನ್ನು ಅವರು ಆ ಗಂಟೆಗಳಿಗೆ ಸೇರಿಸಲು ಒಪ್ಪಿದರೆ ಹಾಜರಿಯ ಚಿಂತೆ ಅರ್ಧ ಕಡಿಮೆ.

ಒಂದು ತಂಡದ ಖರ್ಚಿನ ಅಂದಾಜು: ತಿಂಡಿ 22 ಮಂದಿಗೆ ತಲಾ 40ರಂತೆ 12 ಸಲ, 10,560 ರೂ. ಗುಂಪುಗಳ ಹಣ 12,000. ಮಾರ್ಗದರ್ಶಿಗಳ ಪ್ರಯಾಣ ಒಬ್ಬರಿಗೆ ಒಂದು ಸಲಕ್ಕೆ 200ರಂತೆ 4,800. ಕಾಗದ, ಮುದ್ರಣ 2,000. ಎರಡು ದಿನದ ವಸತಿ ಶಿಬಿರ 24 ಮಂದಿಗೆ ತಲಾ 900ರಂತೆ 21,600. ಒಟ್ಟು 50,960 ರೂ. ಸಭಾಗೃಹ ಪುಕ್ಕಟೆ ಸಿಗುತ್ತದೆಂಬ ಲೆಕ್ಕ ಇದು. ಬಾಡಿಗೆಯಾದರೆ ಶಿಬಿರ ಕೈಬಿಡಬೇಕಾದೀತು.

ಹೋಟೆಲಿನವರು ನಗದು ಕೊಡುತ್ತಾರೆ, ಸ್ಮರಣ ಸಂಚಿಕೆಗೆ ಜಾಹೀರಾತನ್ನೂ ಕೊಡುತ್ತಾರೆ. ಮಸ್ಕತ್‌ನಲ್ಲಿರುವ ಗೆಳೆಯ, ಅಮೆರಿಕದ ಪೌರನಾಗಿರುವ ದೊಡ್ಡಪ್ಪನ ಮಗ ಹಣ ಕಳಿಸಲು ಸಿದ್ಧ. ಸಿಎಸ್‌ಆರ್ (ಕಂಪನಿಗಳು ಸಮಾಜಸೇವೆಗೆ ಕೊಡುವ ಹಣ) ಕೂಡ ಸಿಕ್ಕೀತೇ?
– ಓದುಗರು, ಘಾಟ್ಕೋಪರ್

ಒಂದೊಂದು ಹಣಕ್ಕೂ ಒಂದೊಂದು ನಿಯಮ. ನಗದು 2,000 ರೂ. ದಾಟಿದರೆ ಕೊಟ್ಟವರಿಗೆ 80ಜಿ ವಿನಾಯಿತಿ (ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ) ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೆ ಕೊಟ್ಟರೂ ಇಲ್ಲ. ಆದ್ದರಿಂದ ‘ತೆರಿಗೆ ಉಳಿಯುತ್ತದೆ’ ಎಂದು ಎಲ್ಲರಿಗೂ ಹೇಳಿ ಹಣ ಕೇಳಬೇಡಿ. ಜಾಹೀರಾತು ದೇಣಿಗೆಯಲ್ಲ, ಹೋಟೆಲಿನ ವ್ಯಾಪಾರದ ಖರ್ಚು. ಅದಕ್ಕೆ ಬಿಲ್ ಕೊಡಿ, 80ಜಿ ರಸೀದಿ ಕೊಡಬೇಡಿ. ಹೆಸರು, ವಿಳಾಸ ಬರೆದುಕೊಳ್ಳದ ಗುಪ್ತದಾನ ಮಿತಿ ದಾಟಿದರೆ ಶೇ. 30 ತೆರಿಗೆ.

12ಎ (ಸಂಸ್ಥೆಯ ಆದಾಯಕ್ಕೇ ತೆರಿಗೆ ವಿನಾಯಿತಿ), 80ಜಿ ನೋಂದಣಿ ಮೊದಲು ತಾತ್ಕಾಲಿಕ, ಮೂರು ವರ್ಷಕ್ಕೆ. ಅದು ಮುಗಿಯುವ ಆರು ತಿಂಗಳ ಮೊದಲು ಅಥವಾ ಚಟುವಟಿಕೆ ಶುರುವಾದ ಆರು ತಿಂಗಳೊಳಗೆ, ಯಾವುದು ಮುಂಚೆಯೋ ಆಗ, ರೆಗ್ಯುಲರ್ ನೋಂದಣಿಗೆ ಎರಡನೆಯ ಅರ್ಜಿ ಹಾಕಬೇಕು. ಹೊಸ ಸಂಸ್ಥೆಗಳು ಎಡವುವುದು ಇಲ್ಲೇ: ಮೊದಲ ಪತ್ರ ಬಂದದ್ದೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿ ಮರೆಯುತ್ತಾರೆ. ದಾನಿಗಳ ಪಟ್ಟಿಯನ್ನು ಪ್ರತಿ ವರ್ಷ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂ. ಏಪ್ರಿಲ್ 2026ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮು, ಫಾರ್ಮುಗಳ ಸಂಖ್ಯೆ ಬದಲಾಗಿದೆ. ನಾವು ಇಲ್ಲಿ ಹೇಳಿದ್ದು ರೂಢಿಯ ಹಳೇ ಹೆಸರು. ಫಾರ್ಮ್ ತುಂಬುವಾಗ ಆಡಿಟರನ್ನು ಕೇಳಿಕೊಳ್ಳಿ.

ಮಸ್ಕತ್‌ನ ಗೆಳೆಯನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ಕಡತದಲ್ಲಿ ಇಟ್ಟುಕೊಳ್ಳಿ. ದೊಡ್ಡಪ್ಪನ ಮಗ ಅಮೆರಿಕದ ಪೌರ. ಅವರ ಬಳಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಹಣ ರೂಪಾಯಿಯಲ್ಲೇ ಬಂದರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿಯಿಲ್ಲದೆ ಒಂದು ಡಾಲರನ್ನೂ ಮುಟ್ಟುವಂತಿಲ್ಲ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿ, ಆ ಅವಧಿಯಲ್ಲಿ ಉದ್ದೇಶಕ್ಕಾಗಿ 15 ಲಕ್ಷ ರೂ. ಖರ್ಚಾಗಿರಬೇಕು.

ಸಿಎಸ್‌ಆರ್‌ಗೂ ಮೂರು ವರ್ಷದ ಕೆಲಸದ ದಾಖಲೆ, 12ಎ, 80ಜಿ ಮತ್ತು ಸಿಎಸ್‌ಆರ್-1 ನೋಂದಣಿ ಬೇಕು. ಅದು ಸಿಕ್ಕರೂ ಆ ಹಣದ ಮೇಲೆ ಕಾಯಂ ಸಂಬಳ ನಿಲ್ಲಿಸಬೇಡಿ. ಕಂಪನಿ ಮುಂದಿನ ವರ್ಷ ಬೇರೆ ವಿಷಯ ಹಿಡಿದರೆ ನಿಮ್ಮ ನೌಕರ ಬೀದಿಗೆ. ಅದಕ್ಕಿಂತ ತಿಂಗಳಿಗೆ 300 ರೂ. ಕೊಡುವ 60 ಮಂದಿಯನ್ನು ಹುಡುಕಿ. ವರ್ಷಕ್ಕೆ 2,16,000 ಆಯಿತು. ಮೇಲಿನ ಲೆಕ್ಕದ ನಾಲ್ಕು ತಂಡಗಳಿಗೆ ಸಾಕು, ಹನ್ನೆರಡು ಸಾವಿರ ಮಿಕ್ಕುತ್ತದೆ, ಆಡಿಟರ್ ಶುಲ್ಕಕ್ಕೆ.

ವಾಸ್ಕೊದಲ್ಲಿ ಗದಗ, ಬಿಜಾಪುರ ಕಡೆಯ ಕೂಲಿ ಕುಟುಂಬಗಳ ಮಕ್ಕಳಿಗಾಗಿ ಶುರುಮಾಡಿದ್ದೇವೆ. ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ.
– ಓದುಗರು, ಗೋವಾ

ಓದುವುದನ್ನು ಶರತ್ತು ಮಾಡಬೇಡಿ. ಚರ್ಚೆ ಕನ್ನಡದಲ್ಲಿ ನಡೆಯಲಿ, ನಡಾವಳಿಯನ್ನು ಬರೆಯುವವರಿಗೆ ಬರುವ ಲಿಪಿಯಲ್ಲಿ ಬರೆಯಲಿ. ನಗರಸಭೆಗೋ ಪಂಚಾಯತಿಗೋ ಕೊಡುವ ಅರ್ಜಿ ಹೇಗೂ ಕೊಂಕಣಿ, ಮರಾಠಿ ಅಥವಾ ಇಂಗ್ಲಿಷಿನಲ್ಲೇ ಹೋಗಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಕರಪತ್ರ ಹಂಚಿ ಪ್ರಯೋಜನವಿಲ್ಲ, ಮನೆಗೇ ಹೋಗಬೇಕು. ಹೋಗುವವರಲ್ಲಿ ಒಬ್ಬ ಹೆಂಗಸು ಇರಲೇಬೇಕು. ತಾಯಿ ಕೇಳುವುದು ಮೂರೇ: ಎಲ್ಲಿ, ಎಷ್ಟು ಗಂಟೆಗೆ ಮುಗಿಯುತ್ತದೆ, ಜತೆಗೆ ಯಾರು ಬರುತ್ತಾರೆ. ಸಂಜೆ ಆರಕ್ಕೆ ಮುಗಿಸಿ, ಮೂರು ನಾಲ್ಕು ಹುಡುಗಿಯರನ್ನು ಒಟ್ಟಿಗೆ ಮನೆ ಮುಟ್ಟಿಸುವ ಏರ್ಪಾಡು ಮಾಡಿ. ಮೊದಲ ತಿಂಗಳು ತಾಯಂದಿರೂ ಬಂದು ಕೂರಲಿ. ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಬೇಕಾದ ಹುಡುಗಿ ಮಗುವನ್ನು ಎತ್ತಿಕೊಂಡೇ ಬರಲಿ, ಒಂದು ಚಾಪೆ ಹೆಚ್ಚು ಹಾಸಿದರಾಯಿತು.

18ರ ಕೆಳಗಿನ ಪ್ರತಿಯೊಬ್ಬರಿಗೂ ಪಾಲಕರ ಲಿಖಿತ ಒಪ್ಪಿಗೆ ಬೇಕು, ಫೋಟೊಗೆ ಬೇರೆಯೇ ಒಪ್ಪಿಗೆ. ಯಾವ ಹಿರಿಯರೂ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಇರಬಾರದು, ರಾತ್ರಿ ಖಾಸಗಿ ವಾಟ್ಸಾಪ್ ಸಂದೇಶ ಕಳಿಸಬಾರದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಸಮಾಜದ ಮರ್ಯಾದೆ’ ಎಂದು ಹಿರಿಯರ ಪಂಚಾಯಿತಿಯಲ್ಲಿ ಮುಗಿಸಿದರೆ ತಿಳಿದೂ ಮುಚ್ಚಿಟ್ಟವರಿಗೇ ಶಿಕ್ಷೆ. ಮಕ್ಕಳ ಸಹಾಯವಾಣಿ 1098ನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಸಮಾರೋಪಕ್ಕೆ ಮಂತ್ರಿಗಳನ್ನು ಕರೆಯಬಹುದೇ? ಎಲ್ಲರಿಗೂ ಪ್ರಮಾಣಪತ್ರ ಕೊಡಬೇಕೇ?
– ಓದುಗರು, ಬೊರಿವಲಿ

ಕರೆದರೆ ಎರಡು ಗಂಟೆ ಕಾಯುವವರು ಮಕ್ಕಳು. ಪ್ರಮಾಣಪತ್ರ 12ರಲ್ಲಿ 9 ಕೂಟಕ್ಕೆ ಬಂದವರಿಗೆ ಮಾತ್ರ. ಅದರಲ್ಲಿ ಅವರು ಮಾಡಿದ ಕೆಲಸ ಎರಡು ಸಾಲಿನಲ್ಲಿ ಇರಲಿ.

ನೆರೂಲ್‌ನಲ್ಲಿ ಮೂರು ತಂಡ ಮುಗಿಸಿದೆವು. ಈಗ ಪನ್ವೇಲ್, ಕಲ್ಯಾಣ್, ಪುಣೆಯಿಂದಲೂ ಕರೆ ಬರುತ್ತಿದೆ. ಒಟ್ಟಿಗೆ ಶುರುಮಾಡೋಣವೇ?
– ಓದುಗರು, ನವಿ ಮುಂಬಯಿ

ಎಷ್ಟು ಕಡೆಯಿಂದ ಕರೆ ಬಂತು ಎಂಬುದಲ್ಲ, ತಂಡ ನಡೆಸಬಲ್ಲವರು ಎಷ್ಟು ಮಂದಿ ಇದ್ದಾರೆ ಎಂಬುದು ಲೆಕ್ಕ. ಮುಗಿಸಿದ 20 ಮಂದಿಯಲ್ಲಿ ಮೂರು ನಾಲ್ಕು ಮಂದಿ ಮರುವರ್ಷ ಸಹಾಯಕರಾಗಿ ಬಂದರೆ ದೊಡ್ಡದು. ಅವರು ಒಂದು ವರ್ಷ ಸಹಾಯಕರಾಗಿ ದುಡಿದು, ಎರಡನೆಯ ವರ್ಷ ತಂಡ ನಡೆಸುತ್ತಾರೆ. ಅಂದರೆ ಈಗ ನಿಮ್ಮಲ್ಲಿ ಹೊಸ ಊರಿಗೆ ಕಳಿಸಬಹುದಾದವರು ಹೆಚ್ಚೆಂದರೆ ಎರಡು ಜೋಡಿ.

ನೆರೂಲ್‌ನ ಮುಂದಿನ ತಂಡವನ್ನು ಸ್ಥಾಪಕರು ಕಾಲಿಡದೆ ಬೇರೆಯವರು ನಡೆಸಲಿ. ಹಾಜರಿ ಕುಸಿಯದಿದ್ದರೆ ಪನ್ವೇಲ್ ಹಿಡಿಯಿರಿ, ಅದು ಹತ್ತಿರ. ಪುಣೆಗೆ ಇಲ್ಲಿಂದ ಯಾರನ್ನೂ ಓಡಾಡಿಸಬೇಡಿ. ಒಂದು ಬದಿಗೆ ಮೂರು ತಾಸಿನ ದಾರಿ ಎರಡು ತಿಂಗಳಲ್ಲಿ ಉತ್ಸಾಹ ಇಳಿಸಿಬಿಡುತ್ತದೆ. ಕರೆದವರೇ ಇಬ್ಬರನ್ನು ಆರಿಸಿ ಕಳಿಸಲಿ, ಅವರು ನಿಮ್ಮ ಒಂದು ತಂಡದಲ್ಲಿ ಕೊನೆಯ ನಾಲ್ಕು ಕೂಟ ಕೂತು ನೋಡಿ, ಶಿಬಿರಕ್ಕೂ ಬರಲಿ. ಕೂಟಗಳ ಕೈಪಿಡಿ, ಒಪ್ಪಿಗೆಯ ಫಾರ್ಮ್, ಲೆಕ್ಕದ ನಮೂನೆ ಕೊಡಿ. ನಿಮ್ಮ ಹೆಸರು ಬಳಸುವುದಕ್ಕೆ ಒಂದು ವರ್ಷದ ಲಿಖಿತ ಒಪ್ಪಂದ ಮಾಡಿಕೊಳ್ಳಿ: ಮಕ್ಕಳ ಸುರಕ್ಷತೆಯ ನಿಯಮ ಮುರಿದರೆ ಹೆಸರು ವಾಪಸ್, ಹಣ ಎತ್ತುವುದು ನಿಮ್ಮ ರಸೀದಿಯಲ್ಲೇ, ಬ್ಯಾಂಕಿಗೆ ಮೂವರಲ್ಲಿ ಇಬ್ಬರ ಸಹಿ. ಕಲ್ಯಾಣದವರಿಗೆ ಮುಂದಿನ ಜೂನ್ ಎಂದು ಈಗಲೇ ಬರೆದು ತಿಳಿಸಿ.