ಸಣ್ಣ ವಿಮಾನದ ಮಾಸ್ಟರ್ ಕಾಂಟ್ಯಾಕ್ಟರ್‌ಗೆ ಡಯೋಡ್ ಯಾಕೆ, ರೆಸಿಸ್ಟರ್ ಸಾಲಲ್ವಾ?

ಮಾಸ್ಟರ್ ಕಾಂಟ್ಯಾಕ್ಟರ್ ಅಂದರೆ ಬ್ಯಾಟರಿಯನ್ನು ವಿಮಾನದ ವೈರಿಂಗ್‌ಗೆ ಜೋಡಿಸುವ, ಕಾಯಿಲ್‌ನಿಂದ ನಡೆಯುವ ದೊಡ್ಡ ಸ್ವಿಚ್; ಆ ಕಾಯಿಲ್ ಆನ್-ಆಫ್ ಮಾಡೋದು ಪ್ಯಾನೆಲ್‌ನ ಮಾಸ್ಟರ್ ಸ್ವಿಚ್. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುವುದು ಈ ಮಾಸ್ಟರ್ ಸ್ವಿಚ್ ಉಳಿಸೋಕೆ. ಸ್ವಿಚ್ ಆಫ್ ಮಾಡಿದ ಕ್ಷಣ ಕಾಯಿಲ್‌ನ ಕಾಂತಕ್ಷೇತ್ರ ಕುಸಿಯುತ್ತದೆ, 12 ವೋಲ್ಟ್ ಸಿಸ್ಟಮ್‌ನಲ್ಲೂ ನೂರಾರು ವೋಲ್ಟ್ ಚಿಮ್ಮಿ ಸ್ವಿಚ್ ಒಳಗೆ ಕಿಡಿ ಹಾರುತ್ತದೆ, ಹಾಗೇ ಬಿಟ್ಟರೆ ಅದರ ಕಾಂಟ್ಯಾಕ್ಟ್‌ಗಳು ಸ್ವಲ್ಪ ಸ್ವಲ್ಪವೇ ಸುಟ್ಟುಹೋಗುತ್ತವೆ. ಕಾಯಿಲ್‌ನ ಎರಡು ತುದಿಗಳ ನಡುವೆ ಡಯೋಡ್ ಇದ್ದರೆ ಆ ಕರೆಂಟ್ ಕಾಯಿಲ್‌ನಲ್ಲೇ ಸುತ್ತಿ ತಣ್ಣಗಾಗುತ್ತದೆ. 1ಎನ್4007 ಅನ್ನೋ ಸಾಮಾನ್ಯ ಡಯೋಡ್ ಸಾಕು. ಆದರೆ ಪಟ್ಟಿ ಇರುವ ತುದಿ ಬ್ಯಾಟರಿ ಪಾಸಿಟಿವ್ ಕಡೆಗೇ ಇರಬೇಕು, ದಯವಿಟ್ಟು ಎರಡು ಸಲ ನೋಡಿ. ಉಲ್ಟಾ ಹಾಕಿದರೆ ಮಾಸ್ಟರ್ ಆನ್ ಮಾಡಿದ ಕೂಡಲೇ ಶಾರ್ಟ್!

ರೆಸಿಸ್ಟರ್‌ಗೆ ದಿಕ್ಕಿಲ್ಲ. ಅಲ್ಲಿ ಹಾಕಿದರೆ ಮಾಸ್ಟರ್ ಆನ್ ಇರುವಷ್ಟು ಹೊತ್ತೂ ಸುಮ್ನೆ ಕರೆಂಟ್ ತಿಂದು ಬಿಸಿಯಾಗುತ್ತದೆ. ಅದರ ಜಾಗ ಪ್ಯಾನೆಲ್‌ನ ಎಲ್‌ಇಡಿ ಹತ್ತಿರ: ಎಂಜಿನ್ ಓಡುವಾಗ ಬಸ್ (ಉಪಕರಣಗಳಿಗೆ ಕರೆಂಟ್ ಹಂಚುವ ಲೈನ್) 14 ವೋಲ್ಟ್, ಎಲ್‌ಇಡಿಗೆ 2, ಉಳಿದ 12 ವೋಲ್ಟ್‌ಗೆ 20 ಮಿಲಿಆಂಪ್ ಅಂದರೆ 600 ಓಮ್. ಸ್ವಲ್ಪ ಹೆಚ್ಚೇ ಇರಲಿ, 680 ಹಾಕಿ, ಅರ್ಧ ವ್ಯಾಟಿನದ್ದು.