ಚಾಮುಂಡಿ ಬೆಟ್ಟದ ಫೋಟೊ ಮತ್ತು ಸುರ್ಕಿ ಗಾರೆ

ಮೇಷ್ಟ್ರಿಗೆ ನಮಸ್ಕಾರ.

ಪಾಂಡವಪುರದಿಂದ ನೀವು ಬರೆದ ಪತ್ರ ತಲುಪಿತು. ಜ್ವಾಲಾಮುಖಿ ಕಲ್ಲಿನಿಂದ ಸಿಮೆಂಟ್ ಮಾಡುವ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಚಾಮುಂಡಿ ಬೆಟ್ಟದ ಫೋಟೊ ಏಕೆ ಎಂದು ಕೇಳಿದ್ದೀರಿ. ಜ್ವಾಲಾಮುಖಿಯೇ ಇಲ್ಲದ ಮಂಡ್ಯದವರಿಗೆ ಈ ಪುರಾಣ ಏಕೆ ಅಂತಲೂ ಕೇಳಿದ್ದೀರಿ. ಕೊನೆಗೊಂದು ಗುಮಾನಿ: ಮಗಳ ಮನೆ ಕೆಲಸಕ್ಕೆ ತಂದ ಸಿಮೆಂಟ್ ಮೂಟೆ ಮೇಲೆ ‘ಪಿಪಿಸಿ’ ಅಂತಿದೆ, ಬೂದಿ ಬೆರೆಸಿದ್ದಂತೆ, ಕಲಬೆರಕೆಯೇ?

ಫೋಟೊ ನಮ್ಮ ತಪ್ಪು. ಪುಟ ಕಟ್ಟುವ ಅವಸರದಲ್ಲಿ ಕೈಗೆ ಸಿಕ್ಕ ಬಂಡೆ ಹಾಕಿಬಿಟ್ಟೆವು. ಚಾಮುಂಡಿ ಬೆಟ್ಟ ಗ್ರಾನೈಟ್. ಲಾವಾ ಹರಿದು ಆದ ಬಸಾಲ್ಟ್ ನೋಡಬೇಕಂದರೆ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಹೋಗಬೇಕು.

ಆದರೆ ಇಲ್ಲೊಂದು ಸ್ವಾರಸ್ಯ ಇದೆ. ಗ್ರಾನೈಟಿನಲ್ಲೂ ಸಿಲಿಕಾ (ಮರಳಿನ ಮುಖ್ಯ ಅಂಶ) ಇದೆ, ಜ್ವಾಲಾಮುಖಿ ಬೂದಿಯಲ್ಲೂ ಇದೆ. ಗ್ರಾನೈಟ್ ಪುಡಿಯನ್ನು ಸುಣ್ಣಕ್ಕೆ ಕಲಸಿದರೆ ಅದು ಹೆಚ್ಚುಕಡಿಮೆ ಮರಳಿನ ಹಾಗೆ ಸುಮ್ನೆ ಕೂತಿರುತ್ತದೆ. ಬೂದಿ ಹಾಗಲ್ಲ, ಸುಣ್ಣ ಮತ್ತು ನೀರಿನ ಜೊತೆ ಸೇರಿ ಕಲ್ಲಾಗುತ್ತದೆ. ಗ್ರಾನೈಟ್ ನೆಲದಾಳದಲ್ಲಿ ನಿಧಾನವಾಗಿ ಆರಿದ್ದು. ಅದರೊಳಗೆ ಅಣುಗಳೆಲ್ಲ ಸಾಲಾಗಿ, ಒತ್ತಾಗಿ ಕೂತಿವೆ. ಬೂದಿ ಚಿಮ್ಮಿದ ಕ್ಷಣದಲ್ಲೇ ಆರಿದ್ದು. ಸಾಲುಗಟ್ಟಲು ಪುರುಸೊತ್ತು ಸಿಗದೆ ಗಾಜಾಯಿತು. ಸಕ್ಕರೆ ಪಾಕ ನಿಧಾನಕ್ಕೆ ಕೂತರೆ ಕಲ್ಲುಸಕ್ಕರೆ, ತಟ್ಟನೆ ಆರಿದರೆ ಪೆಪ್ಪರಮೆಂಟು, ಅಲ್ವಾ? ಗಾಜಿನಂಥದ್ದಕ್ಕೆ ಸುಣ್ಣ ಬೇಗ ಬಾಯಿ ಹಾಕುತ್ತದೆ. ರೋಮನ್ನರು ನೇಪಲ್ಸ್ ಹತ್ತಿರದ ಬೂದಿಯನ್ನು ಸುಣ್ಣಕ್ಕೆ ಸೇರಿಸಿ ಬಂದರು ಕಟ್ಟಿದ್ದು ಇದೇ ಗುಣ ನಂಬಿ.

ಈಗ ಮಂಡ್ಯಕ್ಕೆ ಬರೋಣ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗೆ ಹಾಕಿದ್ದು ಸುರ್ಕಿ ಗಾರೆ. ಅಂದರೆ ಸುಣ್ಣದ ಜೊತೆ ಸುಟ್ಟ ಇಟ್ಟಿಗೆ ಪುಡಿ. ಜೇಡಿಮಣ್ಣನ್ನು ಹದವಾಗಿ ಸುಟ್ಟರೆ ಅದರೊಳಗಿನ ಸಾಲೂ ಕೆದರಿಹೋಗುತ್ತದೆ. ಜ್ವಾಲಾಮುಖಿಯ ಕೆಲಸವನ್ನು ಇಟ್ಟಿಗೆ ಗೂಡೇ ಮಾಡಿಕೊಟ್ಟಿತು.

ಕೆಲವು ವರ್ಷದ ಹಿಂದೆ ಮೈಸೂರಿನ ಅಗ್ರಹಾರದಲ್ಲಿ ನಮ್ಮ ನೆಂಟರ ಹಳೇ ಮನೆ ಕೆಡವುತ್ತಿದ್ದರು. ಹಾರೆ ಹಾಕಿದರೆ ಇಟ್ಟಿಗೆ ಒಡೆಯಿತು, ಗಾರೆ ಬಿಡಲಿಲ್ಲ. ಮೇಸ್ತ್ರಿ ಒಂದು ಚೂರು ಕೈಗೆ ಕೊಟ್ಟರು. ತಿಳಿಗೆಂಪು ಬಣ್ಣ, ನಡುವೆ ಇಟ್ಟಿಗೆಯ ಕಣ, ಅಲ್ಲಲ್ಲಿ ಸಾಸಿವೆಯಷ್ಟು ಬಿಳಿ ಸುಣ್ಣದ ಗಂಟು. ಗೀರಿದೆ, ಸವೆದದ್ದು ನನ್ನ ಉಗುರು. ಪ್ರೂಫ್ ಹಾಳೆ ಹಾರದಂತೆ ಈಗಲೂ ಅದನ್ನೇ ಮೇಲೆ ಇಡುತ್ತೇನೆ.

ಇನ್ನು ಸಿಮೆಂಟ್‌ಗೆ ಜ್ವಾಲಾಮುಖಿ ಕಲ್ಲೇ ಏಕೆ ಅಂದರೆ, ಅದು ಇಂಗಾಲದ ವಿಷಯ. ಸಿಮೆಂಟ್‌ಗೆ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಕಾವಿನಲ್ಲಿ ಸುಟ್ಟು ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಮಾಡುತ್ತಾರೆ. 100 ಕಿಲೊ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೊ ಸುಣ್ಣ ಸಿಗುತ್ತದೆ, 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಸೌದೆ ಬದಲು ಸೂರ್ಯನ ಶಾಖ ತಂದರೂ ಈ 44 ಕಿಲೊ ತಪ್ಪುವುದಿಲ್ಲ, ಅದು ಕಲ್ಲಿನೊಳಗೇ ಇರುವುದು. ಬಸಾಲ್ಟ್‌ನಲ್ಲಿರುವ ಕ್ಯಾಲ್ಸಿಯಂ ಸಿಲಿಕಾ ಜೊತೆ ಇದೆ, ಇಂಗಾಲದ ಜೊತೆ ಅಲ್ಲ. ಅದಕ್ಕೇ ಅದರ ಮೇಲೆ ಕಣ್ಣು. ತೊಡಕೆಂದರೆ 100 ಕಿಲೊ ಬಸಾಲ್ಟ್‌ನಲ್ಲಿ ಸುಣ್ಣದ ಅಂಶ ಸುಮಾರು 10 ಕಿಲೊ ಮಾತ್ರ. ಮಿಕ್ಕಿದ್ದಕ್ಕೂ ಗಿರಾಕಿ ಹುಡುಕಬೇಕು.

ನನಗೆ ಜಾಸ್ತಿ ನಂಬಿಕೆ ಇರುವುದು ಸುರ್ಕಿಯ ದಾರಿಯಲ್ಲೇ. ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣಕಲ್ಲಿನ ಪುಡಿ ಬೆರೆಸಿ ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ‘ಎಲ್‌ಸಿ3’ ಸಿಮೆಂಟ್ ಬಗ್ಗೆ ದೆಹಲಿ, ಮದ್ರಾಸ್ ಐಐಟಿಗಳಲ್ಲಿ ಕೆಲಸ ನಡೆದಿದೆ. ಮಣ್ಣಿಗೆ 700–800 ಡಿಗ್ರಿ ಸಾಕು.

ನಿಮ್ಮ ಮಗಳ ಮೂಟೆ ಕಲಬೆರಕೆ ಅಲ್ಲ. ಪಿಪಿಸಿಯಲ್ಲಿ ಸಾಮಾನ್ಯವಾಗಿ ಇರುವುದು ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ, ನಿಯಮದ ಪ್ರಕಾರ 15ರಿಂದ 35 ಪರ್ಸೆಂಟ್. ಅದೂ ಕುಲುಮೆಯಲ್ಲಿ ಕರಗಿ ಗಾಳಿಯಲ್ಲಿ ತಟ್ಟನೆ ಆರಿದ ಗಾಜೇ. ಬಲ ಬರುವುದು ಮಾತ್ರ ಸ್ವಲ್ಪ ನಿಧಾನ. ಮೋಲ್ಡ್ ಹಾಕಿದ ಮೇಲೆ ಕನಿಷ್ಠ 10 ದಿನ ತಾರಸಿ ಒಣಗದಂತೆ ನೀರು ನಿಲ್ಲಿಸಿ. 14 ದಿನ ಆದರೆ ಇನ್ನೂ ಒಳ್ಳೆಯದು. ಮೇಸ್ತ್ರಿ ‘ಐದು ದಿನ ಸಾಕು ಸಾರ್’ ಅಂದರೆ ಕೇಳಬೇಡಿ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಫೋಟೊ ಈ ಸಲ ವಿಜಯಪುರದ ಕಡೆಯದು.

– ಸಂಪಾದಕ